ಗುಂಪಲ್ಲಿ ಗೋವಿಂದ, ಮೇಲೆ 18 ಪರ್ಸೆಂಟ್

2025ರ ಸೆಪ್ಟೆಂಬರ್ 22ರಿಂದ ಆರೋಗ್ಯ ವಿಮೆಗೆ ಜಿಎಸ್‌ಟಿ ಸೊನ್ನೆ. ಪೇಪರಿನಲ್ಲಿ ಫೋಟೋ ಸಮೇತ ಬಂದಿದ್ದನ್ನು ನೀವೂ ನೋಡಿರುತ್ತೀರಿ. ಅವತ್ತು ಖುಷಿಯಿಂದ ಅಮ್ಮನಿಗೆ ಓದಿ ಹೇಳಿದ್ದೆ. "ಹಂಗಾದ್ರೆ ನನ್ನ ಮಂಡಿಗೆ ಟ್ಯಾಕ್ಸ್ ಇಲ್ಲ ಅನ್ನು" ಎಂದಿದ್ದಳು.

ಇದೆ. ನಾನು ತೀರ್ಥಹಳ್ಳಿ ಹತ್ತಿರದ ಮನೆಯಲ್ಲಿ ಕೂತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವವನು. ಈಚೆಗೆ ಕಂಪನಿಯ ಪಾಲಿಸಿ ರಿನ್ಯೂ ಆಯಿತು. ಅಮ್ಮನ ವರ್ಷದ ಪ್ರೀಮಿಯಂ 24,000. ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ 4,320. ಎರಡೂ ಸೇರಿಸಿ ತಿಂಗಳಿಗೆ 2,360 ರೂಪಾಯಿ ಸಂಬಳದಲ್ಲಿ ಮುರಿದುಕೊಂಡರು. ಫೋನಿಗೆ ಸಿಗ್ನಲ್ ಸಿಗುವುದು ಕೊಟ್ಟಿಗೆ ಹಿಂದಿನ ಹಲಸಿನ ಮರದ ಬುಡದಲ್ಲಿ ಮಾತ್ರ. ಅಲ್ಲಿ ಛತ್ರಿ ಹಿಡಿದು ನಿಂತು ಎಚ್‌ಆರ್‌ಗೆ ಕೇಳಿದೆ.

"ಸರ್, ಸೊನ್ನೆ ಆಗಿರೋದು ಇಂಡಿವಿಜುವಲ್ ಪಾಲಿಸಿಗೆ. ನಿಮ್ಮ ತಾಯಿ ಗ್ರೂಪಲ್ಲಿದಾರೆ."

ಅಮ್ಮ ಇರುವ ಗ್ರೂಪು ಅಂದರೆ ನನಗೆ ಗೊತ್ತಿದ್ದದ್ದು ಸ್ತ್ರೀಶಕ್ತಿ ಸಂಘ, ಭಜನಾ ಮಂಡಳಿ. ಎರಡರಲ್ಲೂ ಗುಂಪು ಅಂದರೆ ಖರ್ಚು ಕಮ್ಮಿ. ಧರ್ಮಸ್ಥಳಕ್ಕೆ ಟೆಂಪೋ ಮಾಡಿದರೆ ತಲೆಗೆ ಇಷ್ಟು ಅಂತ ಹಂಚಿಕೊಳ್ಳುತ್ತಾರೆ. ಗುಂಪಲ್ಲಿ ಗೋವಿಂದ ಅಂದರೆ ಯಾರ ಕಣ್ಣಿಗೂ ಬೀಳದೆ ದಾಟಿಕೊಳ್ಳುವುದು ಅಂತ ತಾನೇ ನಾವು ತಿಳಿದಿದ್ದು? ಜಿಎಸ್‌ಟಿ ಕೌನ್ಸಿಲ್‌ನ ಜಾಣತನ ನೋಡಿ. ಒಂಟಿ ಗೋವಿಂದನನ್ನು ಕೈಮುಗಿದು ಕಳಿಸಿಕೊಟ್ಟು, ಗುಂಪಿನಲ್ಲಿರುವವನ ಜುಟ್ಟು ಹಿಡಿದಿದೆ.

ಹಾಗಾದರೆ ಅಮ್ಮನಿಗೆ ಬೇರೆ ಪಾಲಿಸಿ ಮಾಡಿಸಬಹುದಲ್ವಾ? ಅಮ್ಮನಿಗೆ 71. ಸಕ್ಕರೆ ಕಾಯಿಲೆ ಹಳೇದು. ಹೊಸದಾಗಿ ಮಾಡಿಸಿದರೆ ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು. ಕಂಪನಿಯ ಪಾಲಿಸಿಯಲ್ಲಿ ಮೊದಲ ದಿನದಿಂದಲೇ ಸಿಗುತ್ತದೆ. ಅಂದರೆ ಬೇರೆ ಎಲ್ಲೂ ಸಲ್ಲದವರು ಬಂದು ಸೇರುವ ಜಾಗ ಈ ಗುಂಪು. ಟ್ಯಾಕ್ಸ್ ಇರುವುದು ಆ ಗುಂಪಿಗೇ.

ಇನ್ನು ಆದಾಯ ತೆರಿಗೆಯವರ ಮಡಿ ಬೇರೆ. ಕಂಪನಿ ತಾನೇ ಪ್ರೀಮಿಯಂ ಕಟ್ಟಿದರೆ ಅದು ನನ್ನ ಆದಾಯವಲ್ಲ, ಟ್ಯಾಕ್ಸ್ ಇಲ್ಲ. ಅಮ್ಮನ ಪ್ರೀಮಿಯಂ ಕಟ್ಟಿದರೂ ಹಾಗೇ. ಅದೇ ದುಡ್ಡು ಸಂಬಳ ಅಂತ ನನ್ನ ಕೈ ಮುಟ್ಟಿ, ಆಮೇಲೆ ಅದೇ ವಿಮೆಗೆ ಹೋದರೆ ಮೈಲಿಗೆ. ಮೊದಲು ಆದಾಯ ತೆರಿಗೆ ಕಾಯ್ದೆಯಲ್ಲಿ 80ಡಿ ಕಲಂ ಅಂತ ಒಂದು ಪಂಚಗವ್ಯ ಇತ್ತು. ವಯಸ್ಸಾದ ಅಪ್ಪ ಅಮ್ಮನ ಪ್ರೀಮಿಯಂಗೆ 50,000ದವರೆಗೆ ಬಿಡುತ್ತಿದ್ದರು. ಆ ವಿನಾಯಿತಿ ಈಗಲೂ ಇದೆ, ಹಳೇ ತೆರಿಗೆ ಪದ್ಧತಿಯಲ್ಲಿ. ಹೊಸ ಪದ್ಧತಿಯಲ್ಲಿಲ್ಲ. ಹಳೇದಕ್ಕೆ ಹೋದರೆ ಅಮ್ಮನ ಮಂಡಿ ಉಳಿಯುತ್ತದೆ, ಸ್ಲ್ಯಾಬ್ ಲೆಕ್ಕದಲ್ಲಿ ನನ್ನ ಸೊಂಟ ಮುರಿಯುತ್ತದೆ.

"ಹಾಗಾದ್ರೆ ನನ್ನ ಸಂಬಳ ಅಷ್ಟು ಕಮ್ಮಿ ಮಾಡಿ, ಅಮ್ಮನದ್ದನ್ನ ಕಂಪನಿಯೇ ಕಟ್ಟಿದ್ದು ಅಂತ ಬರ್ಕೊಳ್ಳಿ" ಎಂದೆ ಎಚ್‌ಆರ್‌ಗೆ.

"ಪಾಲಿಸಿಯಲ್ಲಿ ಹಾಗೆ ಬರಲ್ಲ ಸರ್."

ಅಂಗಳದಲ್ಲಿ ಎಲೆಯಡಿಕೆ ಹಾಕುತ್ತಿದ್ದ ದೊಡ್ಡಪ್ಪ ಎಲ್ಲ ಕೇಳಿಸಿಕೊಂಡಿದ್ದರು. ಅವರದ್ದು ಎರಡು ಎಕರೆ ಅಡಿಕೆ ತೋಟ. ಕೃಷಿ ಆದಾಯ, ಇನ್‌ಕಮ್ ಟ್ಯಾಕ್ಸ್ ಇಲ್ಲ. ಹಾಗಾಗಿ ಟ್ಯಾಕ್ಸ್ ಬಗ್ಗೆ ಅವರಿಗೆ ಭಾರೀ ಕುತೂಹಲ.

"ಕೈಗೆ ಬರೂಕಿಂತ ಮುಂಚೆನೇ ಉದುರೂದು ಅಂದ್ರೆ ಇದು ಕೊಳೆ ರೋಗನೇ ಮಾರಾಯ" ಅಂದರು. "ನಮ್ಮದ್ದಕ್ಕೆ ಮದ್ದಾದ್ರೂ ಇದೆ. ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ನಿನ್ನ ಸಂಬಳಕ್ಕೆ ಎಂತ ಹೊಡಿತೀಯ?"

ಆಮೇಲೆ ಮಾತು ಕೊಳೆಯ ಕಡೆಗೇ ಹೋಯಿತು. ಈ ಸಲ ಮದ್ದು ಹೊಡೆದ ಮಾರನೇ ದಿನವೇ ಮಳೆ ಹಿಡಿದಿದ್ದು, ಮರ ಹತ್ತುವವರು ಸಿಗದೆ ಎರಡನೇ ಸಲ ಹೊಡೆಸಲು ಆಗದೇ ಇದ್ದಿದ್ದು, ಬುಡದಲ್ಲಿ ಹಸಿರು ಕಾಯಿ ಚಾಪೆ ಹಾಸಿದ ಹಾಗೆ ಬಿದ್ದಿದ್ದು. ಅರ್ಧ ಗಂಟೆ. ನನ್ನ ಪೇ ಸ್ಲಿಪ್ಪಿಗಿಂತ ಅದೇ ಜಾಸ್ತಿ ದುಃಖದ ಕತೆ ಅನ್ನಿಸಿತು.

ದೊಡ್ಡಪ್ಪನ ಮೊಮ್ಮಗ ಶಿವಮೊಗ್ಗದ ಒಂದು ಶೋರೂಮಿನಲ್ಲಿದ್ದಾನೆ. ಸಂಬಳ 20,800 ಇತ್ತು. ತಿಂಗಳಿಗೆ 156 ರೂಪಾಯಿ ಹಿಡಿಯುತ್ತಿದ್ದರು, ಇಎಸ್‌ಐ ಅನ್ನೋ ಕಾರ್ಮಿಕರ ಸರ್ಕಾರಿ ವಿಮೆಯಲ್ಲಿ ಮನೆಯವರಿಗೆಲ್ಲ ಚಿಕಿತ್ಸೆ. 600 ರೂಪಾಯಿ ಏರಿಸಿದರು. 21,000 ದಾಟಿತು, ಅದು 2017ರಲ್ಲಿ ಎಳೆದ ಗೆರೆ. ಆ ವಂತಿಗೆಯ ಅವಧಿ ಮುಗಿದಿದ್ದೇ ತಡ, ಇಎಸ್‌ಐ ಹೋಯಿತು. ಬಡ್ತಿ ಸಿಕ್ಕಿತು ಅಂತ ಮನೆಯಲ್ಲಿ ಪಾಯಸ ಮಾಡಿದ್ದರು ಪಾಪ.

ನನ್ನ ಟ್ಯಾಕ್ಸಿನ ಮೇಲೆ 2018ರಿಂದ ಇನ್ನೊಂದು 4 ಪರ್ಸೆಂಟ್ ಇದೆ. ಅದರ ಹೆಸರು ಆರೋಗ್ಯ ಮತ್ತು ಶಿಕ್ಷಣ ಸೆಸ್. ಅಂದರೆ ಅಮ್ಮನ ಆರೋಗ್ಯಕ್ಕೆ ಅಂತ ದುಡಿದ ದುಡ್ಡಿಗೆ ಟ್ಯಾಕ್ಸು, ಆ ಟ್ಯಾಕ್ಸಿನ ಮೇಲೆ ಆರೋಗ್ಯದ ಹೆಸರಿನಲ್ಲಿ ಸೆಸ್ಸು, ಉಳಿದಿದ್ದರಲ್ಲಿ ವಿಮೆ ಕಟ್ಟಿದರೆ 18. ನಗಬೇಕು ಅಂತಲೇ ಕೂತಿದ್ದೆ, ನಗು ಬರುತ್ತಿಲ್ಲ. ಮಂಗನ ಕಾಯಿಲೆ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಗಿದ್ದು 1957ರಲ್ಲಿ. ಈಗಲೂ ಕಾಡಿಗೆ ದರಗು, ಅಂದರೆ ಒಣ ಎಲೆ ತರಲು ಹೋಗುವಾಗ ನಾವು ಉಣುಗು ಕಚ್ಚದ ಹಾಗೆ ಕೈಕಾಲಿಗೆ ಡೆಪಾ ಎಣ್ಣೆ ಹಚ್ಚಿಕೊಂಡು ಹೋಗಬೇಕು. ಹಳೇ ಲಸಿಕೆ ನಾಟುವುದಿಲ್ಲ ಅಂತ ನಿಲ್ಲಿಸಿದರು. ಜೋರು ಹುಷಾರಿಲ್ಲ ಅಂದರೆ ದೊಡ್ಡ ಆಸ್ಪತ್ರೆಗೆ ಅಂತ ರಾತ್ರಿ ಮಳೆಯಲ್ಲಿ ಆಗುಂಬೆ ಘಾಟಿ ಇಳಿಯಬೇಕು, ಹಿಂದಿನ ಸೀಟಿನಲ್ಲಿ ಅಮ್ಮನ ತಲೆ ಹಿಡಿದುಕೊಂಡು. ಆ ಸೆಸ್ಸು ಎಲ್ಲಿಗೆ ಹೋಗುತ್ತದೆ ಅಂತ ಕೇಳುವುದಕ್ಕೂ ಸುಸ್ತು.

2024ರಲ್ಲಿ ನಿತಿನ್ ಗಡ್ಕರಿಯವರು ವಿಮೆಯ ಮೇಲಿನ ಜಿಎಸ್‌ಟಿ ತೆಗೆಯಿರಿ ಅಂತ ನಿರ್ಮಲಾ ಸೀತಾರಾಮನ್ ಅವರಿಗೆ ಪತ್ರ ಬರೆದಿದ್ದರು. ಒಂದೇ ಸಂಪುಟದಲ್ಲಿ ಕೂರುವವರೇ ಪತ್ರ ಬರೆಯಬೇಕಾಯ್ತು. ನನ್ನದು ಹಲಸಿನ ಮರದ ಬುಡದಿಂದ ಮಾಡಿದ ಫೋನು.

ದೊಡ್ಡಪ್ಪ ಎಲೆಗೆ ಸುಣ್ಣ ಹಚ್ಚುತ್ತಾ ಪರಿಹಾರ ಕೊಟ್ಟರು. "ಕಂಪನಿ ಕಟ್ಟಿದ್ರೆ ಟ್ಯಾಕ್ಸ್ ಇಲ್ಲ ಅಂದ್ಯಲ್ಲ. ಹಾಗಾದ್ರೆ ನಿಮ್ಮಮ್ಮನ್ನ ಕಂಪನಿಗೇ ಸೇರಿಸು. ಸಂಬಳ ಇಪ್ಪತ್ತೊಂದು ಸಾವಿರ ದಾಟದ ಹಾಗೆ ನೋಡ್ಕೋ."

ಒಳಗಿನಿಂದ ಅಮ್ಮ ಕೂಗಿ ಕೇಳಿದಳು: "ಶನಿವಾರ ರಜಾ ಇದ್ಯಾ ಕೇಳು. ಭಜನೆ ಇರುತ್ತೆ."