ಇದನ್ನು ರಿಸ್ಕ್ ಅನ್ನಬೇಡಿ

ಇವತ್ತು ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಗೆ, ಅಂದರೆ ಲೋಹದ ಎರಕ ಹೊಯ್ಯುವ ಕಾರಖಾನೆಗೆ, ಬಾಕಿ ಕೇಳಲು ಹೋಗಿದ್ದೆ. ಒಳಗೆ ಹುಡುಗರು ನಾವು ಮಾರುವ ಸೋಡಿಯಂ ಸಿಲಿಕೇಟ್ ಎಂಬ ಅಂಟು ಕಲಸಿದ ಮರಳನ್ನು ಪೆಟ್ಟಿಗೆಗೆ ತುಂಬಿ, ಪೈಪಿನಿಂದ ಕಾರ್ಬನ್ ಡೈಆಕ್ಸೈಡ್ ಬಿಟ್ಟರು. ಒಂದು ನಿಮಿಷದೊಳಗೆ ಎರಕದ ಅಚ್ಚು ಕಲ್ಲಿನಂತೆ ಬಿಗಿಯಿತು. ಉಗುರಿನಿಂದ ಕೆರೆದೆ, ಒಂದು ಕಾಳೂ ಉದುರಲಿಲ್ಲ. ಎಷ್ಟು ಖುಷಿಯಾಯಿತು ಗೊತ್ತಾ! ಆಮೇಲೆ ಆಫೀಸಿಗೆ ಹೋದೆ. "ಮುಂದಿನ ವಾರ ನೋಡೋಣ ಬರ್ರಿ ಅಣ್ಣಾರ" ಅಂದರು. ನಾಲ್ಕು ತಿಂಗಳ ಹಳೇ ಬಿಲ್ಲು. ಈ "ಮುಂದಿನ ವಾರ" ಕೇಳಿದ್ದು ಇದು ನಾಲ್ಕನೇ ಸಲ.

ಕೆಮಿಕಲ್ ಧಂದೆ ಅಂದಮೇಲೆ ರಿಸ್ಕ್ ಇರೋದೇ ಅಂತಾರೆ ಬ್ಯಾಂಕಿನವರು. ಹೌದು, ಇದೆ. ನಮ್ಮದು ಸಣ್ಣ ಕಾರಖಾನೆ. ಸಿಲಿಕೇಟ್ ಗಟ್ಟಿ ತರಿಸಿ, ಹಬೆಯ ಒತ್ತಡದಲ್ಲಿ ನೀರಿಗೆ ಕರಗಿಸಿ ಬ್ಯಾರೆಲ್ ತುಂಬುತ್ತೇವೆ. ಆ ಗಟ್ಟಿ ಆಗೋದು ಮರಳು, ಸೋಡಾ ಆಶ್ ಸೇರಿಸಿ 1000 ಡಿಗ್ರಿಗೂ ಜಾಸ್ತಿ ಕಾವಿನಲ್ಲಿ ಕರಗಿಸಿದಾಗ. ಸೋಡಾ ಆಶ್ ಏರಿದರೂ, ಇಂಧನ ಏರಿದರೂ ನಮಗೆ ಪೆಟ್ಟು. ಒಪ್ಪಿಕೊಂಡ ಆರ್ಡರ್ ಮಾತ್ರ ಹಳೇ ರೇಟಿಗೇ. ಫೌಂಡ್ರಿಯಲ್ಲಿ ಒಂದು ಶಿಫ್ಟ್ ನಿಂತರೆ ನಮ್ಮ ಬ್ಯಾರೆಲ್ಲೂ ನಿಲ್ಲುತ್ತವೆ. ಇದನ್ನೆಲ್ಲ ಒಪ್ಪಿಕೊಂಡೇ ಈ ಧಂದೆಗೆ ಇಳಿದವನು ನಾನು.

ಮಾಲು ಬಳಸಿಕೊಂಡು ದುಡ್ಡು ತಡೆದಿಡೋದು ರಿಸ್ಕ್ ಅಲ್ಲ. ಅದು ಯಾರೋ ಕುರ್ಚಿಯಲ್ಲಿ ಕೂತು ಮಾಡಿದ ತೀರ್ಮಾನ. ಗಟ್ಟಿ ಕಳಿಸುವವರಿಗೆ ನಾನು ಅಡ್ವಾನ್ಸ್ ಕೊಡಬೇಕು. ಬಿಲ್ ಮಾಡಿದ ಮರುತಿಂಗಳು 20ಕ್ಕೆ ಶೇ 18 ಜಿಎಸ್‌ಟಿ ಕಟ್ಟಬೇಕು, ನನ್ನ ಕೈಗೆ ಒಂದು ರೂಪಾಯಿ ಬಂದಿರದಿದ್ದರೂ.

"ಕಾನೂನು ಐತಲ್ಲ ಕಾಕಾ" ಅಂತಾನೆ ಸಿಎ ಓದುತ್ತಿರುವ ಅಣ್ಣನ ಮಗ. ಇದೆ. ಸಣ್ಣ ಉದ್ದಿಮೆಗಳಿಗೆಂದು ಇರುವ 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ, ಬರೆದ ಒಪ್ಪಂದ ಇದ್ದರೂ ದುಡ್ಡು ಕೊಡೋದು 45 ದಿನ ದಾಟುವಂತಿಲ್ಲ. ದಾಟಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯಲ್ಲಿ 43ಬಿ(ಎಚ್) ಅನ್ನೋ ಕಲಂ ಕೂಡ ಬಂತು: ಗಡುವು ಮೀರಿದ ಬಾಕಿಯನ್ನು ಮಾಲು ಕೊಂಡವರು, ದುಡ್ಡು ಕೊಟ್ಟ ವರ್ಷವೇ ಖರ್ಚಿಗೆ ಹಿಡಿಯಬೇಕು. ಆದರೆ ನಾನು ದೂರು ಕೊಟ್ಟರೆ ಮರುದಿನವೇ ಆರ್ಡರ್ ಬೇರೆಯವರ ಪಾಲು. ಹೆದರಿದ್ದೇನೆ, ಮುಚ್ಚಿಡಲ್ಲ. ಬಡ್ಡಿ ಲೆಕ್ಕ ಹಾಕಿದ ನೋಟಿಸ್ ಟೈಪ್ ಮಾಡಿಸಿ ಎರಡು ತಿಂಗಳಾಯಿತು. ಡ್ರಾಯರ್‌ನಲ್ಲೇ ಇದೆ.

ಫೌಂಡ್ರಿಯವರಿಗೂ ಮೇಲಿನ ಕಂಪನಿಗಳು ತಡ ಮಾಡುತ್ತವಂತೆ. ಇರಬಹುದು. ಹಾಗಂತ ಆ ಭಾರ ಬ್ಯಾರೆಲ್ ಉರುಳಿಸುವ ನಮ್ಮ ಹುಡುಗರ ಮೇಲೆ ಬೀಳಬೇಕಾ? ಈ ಸಲ 5ನೇ ತಾರೀಖಿನ ಪಗಾರ 14ಕ್ಕೆ ಕೊಟ್ಟೆ. ಯಾರೂ ಜಗಳ ತೆಗೆಯಲಿಲ್ಲ. ಒಬ್ಬ ಮಾತ್ರ ನೋಟು ಎಣಿಸುತ್ತಾ, "ಮಗಳ ಫೀ ಕಟ್ಟೂದಿತ್ರಿ" ಅಂದ, ಮೆಲ್ಲಗೆ.

ನಾಳೆ ಬೆಳಿಗ್ಗೆ ಆ ನೋಟಿಸ್ ಸ್ಪೀಡ್ ಪೋಸ್ಟಿಗೆ ಹಾಕುತ್ತಿದ್ದೇನೆ.