ಸ್ವಾವಲಂಬನೆ, ಬೆಲೆ 25 ರೂಪಾಯಿ

ಸ್ವಾವಲಂಬನೆ ಅಂದ್ರೆ ಏನು ಅಂತ ಅನುಮಾನ ಇರುವವರು ಹುಬ್ಬಳ್ಳಿಯ ಬೆಂಗೇರಿಗೆ ಹೋಗಿಬರಬೇಕು. ಅನುಮಾನ ಇನ್ನೂ ಜಾಸ್ತಿಯಾಗುತ್ತದೆ.

ಅಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಇದೆ. 1957ರಲ್ಲಿ ಶುರುವಾದದ್ದು. ಐಎಸ್‌ಐ ಗುರುತಿನ ರಾಷ್ಟ್ರಧ್ವಜ ಬೇಕು ಅಂದ್ರೆ ಬಹಳ ವರ್ಷ ಇಡೀ ದೇಶಕ್ಕೆ ಇದೊಂದೇ ವಿಳಾಸ. ಬಾಗಲಕೋಟೆ ಕಡೆಯ ತುಳಸಿಗೇರಿಯಲ್ಲಿ ಬಟ್ಟೆ ನೇಯುತ್ತಾರೆ. ಇಲ್ಲಿ ಚಕ್ರ ಅಚ್ಚು ಹಾಕಿ ಹೊಲಿಯುತ್ತಾರೆ. ದುಡಿಯುವವರಲ್ಲಿ ಹೆಂಗಸರೇ ಹೆಚ್ಚು.

ಈ ಕೆಲಸ ಬಲು ಕಿರಿಕಿರಿಯದ್ದು. ಭಾರತೀಯ ಮಾನಕಗಳ ಪಟ್ಟಿಯಲ್ಲಿ 1ನೇ ನಂಬರ್ ಬಾವುಟದ್ದೇ. ಒಟ್ಟು 9 ಅಳತೆ. ಎಲ್ಲಕ್ಕಿಂತ ದೊಡ್ಡದು 21 ಅಡಿ ಉದ್ದ, 14 ಅಡಿ ಅಗಲ. ಎಳೆಗೂ ಲೆಕ್ಕ, ಹೊಲಿಗೆಗೂ ಲೆಕ್ಕ. ಬಣ್ಣ ಬಿಸಿಲಿಗೆ ಮಾಸಬಾರದು. ಚಕ್ರದ 24 ಕಡ್ಡಿಗಳನ್ನು ಬಟ್ಟೆಯ ಎರಡೂ ಬದಿಗೆ ಅಚ್ಚು ಹಾಕಬೇಕು. ಆ ಬದಿಯ ಕಡ್ಡಿಯ ಬೆನ್ನಿಗೇ ಈ ಬದಿಯ ಕಡ್ಡಿ ಕೂರಬೇಕು. ಸ್ವಲ್ಪ ಆಚೀಚೆಯಾದರೂ ಆ ಬಾವುಟ ಪಕ್ಕಕ್ಕೆ.

ಸುಮ್ನೆ ಯಾಕಿಷ್ಟು ತಲೆನೋವು ಅಂತ ದಿಲ್ಲಿಯಲ್ಲಿ ಯಾರಿಗೋ ಅನ್ನಿಸಿರಬೇಕು. 2020ರ ಮೇ ತಿಂಗಳಲ್ಲಿ ನಮಗೆಲ್ಲ ಆತ್ಮನಿರ್ಭರರಾಗಲು ಹೇಳಿದರು. 2021ರ ಡಿಸೆಂಬರ್ 30ಕ್ಕೆ ಧ್ವಜ ಸಂಹಿತೆ, ಅಂದ್ರೆ ಬಾವುಟದ ನಿಯಮಾವಳಿ, ತಿದ್ದಿದರು. ಅಲ್ಲಿವರೆಗೆ ಬಾವುಟ ಕೈಯಲ್ಲಿ ನೂತು ನೇಯ್ದ ಖಾದಿಯದೇ ಆಗಿರಬೇಕಿತ್ತು. ಇನ್ನು ಮುಂದೆ ಪಾಲಿಯೆಸ್ಟರ್ ಆದರೂ ಸೈ, ಯಂತ್ರದಲ್ಲಿ ಮಾಡಿದರೂ ಸೈ.

ಪಾಲಿಯೆಸ್ಟರ್ ಹುಟ್ಟುವುದು ಕಚ್ಚಾ ತೈಲದಿಂದ. ನಾವು ಬಳಸುವ ಕಚ್ಚಾ ತೈಲದಲ್ಲಿ 100ಕ್ಕೆ 80ಕ್ಕೂ ಜಾಸ್ತಿ ಪಾಲು ಹೊರದೇಶದ್ದು. ಹತ್ತಿಯೋ, ನಮ್ಮದೇ ಹೊಲದಲ್ಲಿ ಬೆಳೆಯುವಂಥದ್ದು. ಹಾಗಾಗಿ ಅದಕ್ಕೆ ಆತ್ಮನಿರ್ಭರತೆಯ ತರಬೇತಿ ಸಾಲದು ಅಂತ ತೀರ್ಮಾನವಾಗಿರಬಹುದು.

2022ರ ಆಗಸ್ಟ್ 13ರಿಂದ 15ರವರೆಗೆ ಮನೆಮನೆಯಲ್ಲಿ ಬಾವುಟ. ಅಂಚೆ ಕಚೇರಿಯಲ್ಲೇ ಒಂದಕ್ಕೆ 25 ರೂಪಾಯಿ. ಸ್ವಾವಲಂಬನೆ ಇಷ್ಟು ಸೋವಿಯಾಗಿ ಹಿಂದೆಂದೂ ಸಿಕ್ಕಿರಲಿಲ್ಲ. ಕೆಲವು ಕಡೆ ಚಕ್ರ ನಡುವಿನಿಂದ ಜಾರಿತ್ತು, ಪಟ್ಟಿಗಳು ಒಂದು ದಪ್ಪ, ಒಂದು ಸಪೂರ. ಇರಲಿ ಬಿಡಿ, ಭಾವನೆ ಮುಖ್ಯ. ಕಡ್ಡಿ ಎಣಿಸುವ ಕಾಟ ಬೆಂಗೇರಿಯವರಿಗೆ ಮಾತ್ರ.

ಬೆಂಗೇರಿಯವರು ಆ ವರ್ಷ ಪ್ರತಿಭಟನೆ ಮಾಡಿದರು. ಮದುವೆಮನೆಯಲ್ಲಿ ಮದುಮಗಳಿಗೇ ಎಲೆ ಹಾಕದಿದ್ದರೆ ಯಾರಿಗೆ ತಾನೆ ಸಿಟ್ಟು ಬರಲ್ಲ?

ಕೋಟಿಗಟ್ಟಲೆ ಬಾವುಟವನ್ನು ಖಾದಿಯವರಿಂದ ಮಾಡಲಾಗುತ್ತಿತ್ತಾ ಅಂತ ಕೇಳುವವರಿದ್ದಾರೆ. ಆಗುತ್ತಿರಲಿಲ್ಲ, ಒಪ್ಪೋಣ. ಆದರೆ ಸ್ವಾತಂತ್ರ್ಯಕ್ಕೆ 75 ವರ್ಷ 2022ರಲ್ಲಿ ತುಂಬುತ್ತದೆ ಅನ್ನುವುದು 1947ರಲ್ಲೇ ಗೊತ್ತಿತ್ತಲ್ವಾ? ನಡುವೆ ಒಂದಷ್ಟು ಚರಕ, ಒಂದಷ್ಟು ಮಗ್ಗ ಜಾಸ್ತಿ ಮಾಡಲು ಯಾರು ಅಡ್ಡ ಬಂದಿದ್ದರು? ಅದಕ್ಕೆ ಹಣ ಬೇಕು, ಊರೂರಲ್ಲಿ ನೂಲುವವರಿಗೆ ನೆಟ್ಟಗೆ ಕೂಲಿ ಕೊಡಬೇಕು. ತಿದ್ದುಪಡಿಗಾದರೆ ಒಂದು ಹಾಳೆ ಸಾಕು.

ಖಾದಿಯನ್ನು ಬೇಡ ಅಂದಿಲ್ಲ, ಪಾಪ. ಕೈಮಗ್ಗದ ಹೆಂಗಸು ಯಂತ್ರದ ಗಿರಣಿಯ ಜೊತೆ ಧಾರಾಳವಾಗಿ ಪೈಪೋಟಿ ಮಾಡಬಹುದು. ಗೆದ್ದರೆ ಅವಳು ಸ್ವಾವಲಂಬಿ. ಸೋತರೆ ಅವಳಿಗೆ ಸ್ವಾವಲಂಬನೆ ಸಾಲದು.

1931ರ ಬಾವುಟದ ನಡುವೆ ಚರಕವೇ ಇತ್ತು. 1947ರಲ್ಲಿ ಅದರ ಜಾಗಕ್ಕೆ ಚಕ್ರ ಬಂತು. ಚಿತ್ರದಿಂದ ಹೋದರೂ ಬಟ್ಟೆಯ ಎಳೆಯಲ್ಲಿ ಚರಕ ಉಳಿದುಕೊಂಡಿತ್ತು. 2021ರಲ್ಲಿ ಅಲ್ಲಿಂದಲೂ ಅದಕ್ಕೆ ನಿವೃತ್ತಿ ಕೊಡುವ ದಾರಿ ಸಿಕ್ಕಿತು.

ನನ್ನದೊಂದು ಸಲಹೆ. ಬರುವ ಆಗಸ್ಟ್‌ನಲ್ಲಿ ನೂಲುವವರಿಗೆ, ನೇಯುವವರಿಗೆ ಸರ್ಕಾರವೇ ಒಂದು ದಿನದ ಕಾರ್ಯಾಗಾರ ನಡೆಸಲಿ. ವಿಷಯ: ನಿಮ್ಮ ಕಾಲ ಮೇಲೆ ನೀವು ನಿಲ್ಲುವುದು ಹೇಗೆ. ಹಿಂದೆ ದೊಡ್ಡ ಫ್ಲೆಕ್ಸ್ ಇರಲಿ, ಸಾಲಾಗಿ ಪಾಲಿಯೆಸ್ಟರ್ ಬಾವುಟ ಇರಲಿ. ಮುಖ್ಯ ಅತಿಥಿಗಳಿಗೆ ಹಾಕುವ ನೂಲಿನ ಹಾರ ಮಾತ್ರ ಅಪ್ಪಟ ಖಾದಿಯದೇ ಆಗಿರಬೇಕು. ಪಾಲಿಯೆಸ್ಟರ್ ಆದರೆ ಕುತ್ತಿಗೆ ತುರಿಸುತ್ತದೆ.