ಉಳಿಗೆ ಸಾಣೆ ಹಿಡಿಯೋಕೆ ಮೋಟಾರು ಬೇಕಾ? ಬೇಕು

ಮರಗೆಲಸದ ಗೆಳೆಯರು ಸೇರಿದಾಗೆಲ್ಲ ಈ ಮಾತು ಬಂದೇ ಬರುತ್ತದೆ: "ಕೈ ಉಳಿ, ಕೈ ಹತ್ತರಿ ಅಂತ ಅಷ್ಟೊಂದು ಹೇಳ್ತೀಯ, ಸಾಣೆಗೆ ಮಾತ್ರ ಕರೆಂಟ್ ಮೆಷಿನ್ನಾ?" ಈ ಪ್ರಶ್ನೆ ಕೇಳಿ ಹೊಸಬರು ಹಿಂಜರಿಯೋದನ್ನ ನೋಡಿದ್ದೇನೆ. ಅದಕ್ಕೇ ಇವತ್ತು ಕೂತು ಪೂರ್ತಿ ಬರೆಯುತ್ತಿದ್ದೇನೆ.

ಕೈಸಲಕರಣೆ ಮೂಲೆ ಸೇರಿದ್ದಕ್ಕೆ ಎಲ್ಲರೂ ಕರೆಂಟಿನಲ್ಲಿ ಮರ ಕೊರೆಯುವ ರೌಟರನ್ನೋ ಮರ ಹೆರೆಯುವ ಪವರ್ ಪ್ಲೇನರನ್ನೋ ಬೈಯುತ್ತಾರೆ. ನನ್ನ ಪ್ರಕಾರ ಅರ್ಧ ತಪ್ಪು ಮೊಂಡು ಅಲಗಿನದು. ತೇಗದ ಮರದಲ್ಲಿ ಸಿಲಿಕಾ ಇರುತ್ತದೆ, ಎಂಥ ಒಳ್ಳೆ ಉಕ್ಕಾದರೂ ಅದರ ಮೇಲೆ ಬೇಗ ಸವೆಯುತ್ತದೆ. ಪೈನ್‌ನಂಥ ಮೆದು ಮರದ ಕಥೆ ಇನ್ನೊಂದು ಥರ: ಅಡ್ಡ ಕೊಯ್ದ ತುದಿಯಲ್ಲಿ ಉಳಿ ಸ್ವಲ್ಪ ಮೊಂಡಾಗಿದ್ದರೂ ನಾರು ತುಂಡಾಗುವ ಬದಲು ಜಜ್ಜಿಹೋಗುತ್ತದೆ. ಮರಕ್ಕೆ ಮರ ಕೂಡಿಸುವ ಕಚ್ಚು ಕೊರೆಯುತ್ತಿರುವಾಗ ಅರ್ಧಕ್ಕೆ ಎದ್ದು, ಕಲ್ಲು ನೆನೆಸಿ, ಬಾಯಿ ಮುಕ್ಕಾದ ಉಳಿಯನ್ನು ಮಸೆಯುತ್ತಾ ಕೂರಬೇಕು ಅಂದರೆ ಯಾರಿಗಾದರೂ ಬೇಜಾರೇ. "ಇನ್ನೊಂದು ಸ್ವಲ್ಪ ಹೊತ್ತು ನಡೀಲಿ" ಅಂತ ಅದರಲ್ಲೇ ಮುಂದುವರಿಯುತ್ತಾರೆ. ಬಲ ಹಾಕಬೇಕಾಗುತ್ತದೆ, ಉಳಿ ಜಾರುತ್ತದೆ, ಮರ ಸೀಳುತ್ತದೆ, ಇಲ್ಲವೇ ಎಡಗೈಗೆ ಏಟು ಬೀಳುತ್ತದೆ. ಆಮೇಲೆ "ಕೈಗೆಲಸ ನಮಗೆ ಆಗಿಬರಲ್ಲ" ಅನ್ನೋ ತೀರ್ಮಾನ.

ಮೋಟಾರು ಅಂದ ತಕ್ಷಣ ನಮ್ಮವರ ಕಣ್ಣಿಗೆ ಬರುವುದು ವೆಲ್ಡಿಂಗ್ ಶಾಪಿನ ಬೆಂಚ್ ಗ್ರೈಂಡರ್. ಅದನ್ನು ನಾನೂ ಒಪ್ಪುವುದಿಲ್ಲ. ಆರಿಂಚಿನ ಕಲ್ಲು ನಿಮಿಷಕ್ಕೆ ಸುಮಾರು 2,800 ಸುತ್ತು ತಿರುಗಿದರೆ ಅದರ ಅಂಚಿನ ವೇಗ ಸೆಕೆಂಡಿಗೆ 22 ಮೀಟರ್ ಆಗುತ್ತದೆ. ಉಳಿಯ ಬಾಯಿ ತುದಿಯಲ್ಲಿ ಕೂದಲಿನಷ್ಟು ತೆಳು. ಶಾಖ ಎಳೆದುಕೊಂಡು ಹೋಗಲು ಅಲ್ಲಿ ಲೋಹವೇ ಇಲ್ಲ. ಮೊದಲು ಹುಲ್ಲಿನ ಹಳದಿ, ನೋಡನೋಡುತ್ತಿದ್ದಂತೆ ನೀಲಿ. ನೀಲಿ ಬಂತು ಅಂದರೆ ಉಕ್ಕು ಸುಮಾರು 300 ಡಿಗ್ರಿ ಮುಟ್ಟಿ ಹದ ಕಳೆದುಕೊಂಡಿದೆ. ಅಷ್ಟು ಭಾಗವನ್ನು ಸವೆಸಿ ತೆಗೆಯಬೇಕು, ಇಲ್ಲವೇ ಕುಲುಮೆಗೆ ಕೊಟ್ಟು ಮತ್ತೆ ಹದ ಹಾಕಿಸಬೇಕು. ಅನುಭವಸ್ಥರು ಕ್ಷಣಕ್ಕೊಮ್ಮೆ ನೀರಿಗೆ ಅದ್ದಿ ನಿಭಾಯಿಸುತ್ತಾರೆ, ಹೊಸಬರಿಗೆ ಅದು ಕಷ್ಟ.

ನಾನು ಹೇಳುತ್ತಿರುವುದು ನೀರಿನಲ್ಲಿ ನಿಧಾನವಾಗಿ ತಿರುಗುವ ಕಲ್ಲಿನ ಯಂತ್ರ. ಸ್ವೀಡನ್ನಿನ ಟಾರ್ಮೆಕ್ ಕಂಪನಿ 1973ರಲ್ಲಿ ಶುರುವಾಗಿದ್ದೇ ಈ ಬಗೆಯ ಯಂತ್ರದಿಂದ. ಅವರ ಟಿ-8 ಮಾದರಿಯಲ್ಲಿ 250 ಮಿಲಿಮೀಟರಿನ ಕಲ್ಲು ನಿಮಿಷಕ್ಕೆ 90 ಸುತ್ತು ಮಾತ್ರ ತಿರುಗುತ್ತದೆ. ಅಂಚಿನ ವೇಗ ಸೆಕೆಂಡಿಗೆ 1.2 ಮೀಟರಿನಷ್ಟು. ಕಲ್ಲಿನ ಅಡಿಭಾಗ ನೀರಿನ ತೊಟ್ಟಿಯಲ್ಲಿ ಮುಳುಗಿರುತ್ತದೆ, ಹಾಗಾಗಿ ಉಳಿ ಸುಡುವ ಮಾತೇ ಇಲ್ಲ. ಕಿಡಿ ಇಲ್ಲ, ಗಾಳಿಗೆ ಧೂಳು ಏಳುವುದಿಲ್ಲ. ಫ್ಲ್ಯಾಟಿನ ಬಾಲ್ಕನಿಯಲ್ಲಿ ಕೆಲಸ ಮಾಡುವವರಿಗೆ ಮುಖ್ಯವಾದ ಇನ್ನೊಂದು ವಿಷಯ, ಸದ್ದು ತೀರಾ ಕಡಿಮೆ.

ಇದರಲ್ಲಿ ಉಳಿಯ ಬಾಯಿಯ ಕೋನ ಹೊಂದಿಸುವ ಕ್ರಮ ನನಗೆ ತುಂಬಾ ಇಷ್ಟ. ಉಳಿಯನ್ನು ಕಚ್ಚಿ ಹಿಡಿಯುವ ಯಂತ್ರದ ಹಿಡಿಕೆಯಲ್ಲಿ (ಜಿಗ್) ಬಿಗಿದು, ಇಳಿಜಾರು ಮುಖಕ್ಕೆ ಕಪ್ಪು ಮಾರ್ಕರ್ ಬಳಿಯಿರಿ. ಸ್ವಿಚ್ ಹಾಕಬೇಡಿ, ಕಲ್ಲನ್ನು ಕೈಯಿಂದಲೇ ಒಂಚೂರು ತಿರುಗಿಸಿ ನೋಡಿ. ಬರೀ ತುದಿಯಲ್ಲಿ ಮಸಿ ಅಳಿಸಿದ್ದರೆ ಕೋನ ಹೆಚ್ಚಾಗಿದೆ; ಹಿಂದೆ ಮಾತ್ರ ಅಳಿಸಿದ್ದರೆ ಕಡಿಮೆಯಾಗಿದೆ. ಮೇಲಿಂದ ಕೆಳಗೆ ಸಮವಾಗಿ ಅಳಿಸುವವರೆಗೆ ಹಿಡಿಕೆ ಕೂರುವ ಆಧಾರದ ಸರಳನ್ನು ಏರಿಸಿ ಇಳಿಸಿ ಸರಿಮಾಡಿಕೊಳ್ಳಿ. ಕಲ್ಲು ಸವೆದಂತೆ ಈ ಅಳತೆ ಬದಲಾಗುತ್ತಾ ಹೋಗುತ್ತದೆ, ಆದ್ದರಿಂದ ಹಳೇ ಗುರುತು ನಂಬಿಕೊಂಡು ಕೂರಬಾರದು. ಸಾಮಾನ್ಯ ಕೆಲಸದ ಉಳಿಗೆ ನಾನು 25 ಡಿಗ್ರಿ ಇಡುತ್ತೇನೆ. ಕೊಡತಿ ಏಟು ತಿನ್ನುವ ಉಳಿಗೆ ಇನ್ನೂ ಐದು ಡಿಗ್ರಿ ಜಾಸ್ತಿ.

ಯಂತ್ರದ ಇನ್ನೊಂದು ಬದಿಯಲ್ಲಿ ತೊಗಲಿನ ಚಕ್ರ ಇದೆ, ಅದಕ್ಕೆ ಪಾಲಿಶ್ ಪೇಸ್ಟ್ ಹಚ್ಚಿ ಉಳಿಯ ಬಾಯಿ ನುಣುಪು ಮಾಡಬೇಕು. ಇಲ್ಲಿ ಒಂದು ಎಚ್ಚರಿಕೆ: ಬಾಯಿ ಯಾವತ್ತೂ ಚಕ್ರ ತಿರುಗುವ ಕಡೆಗೇ ಮುಖ ಮಾಡಿರಲಿ. ಎದುರು ಹಿಡಿದಿರೋ, ತೊಗಲನ್ನು ಸೀಳಿಕೊಂಡು ಒಳನುಗ್ಗುತ್ತದೆ.

ಯಂತ್ರ ಎಲ್ಲವನ್ನೂ ಮಾಡಿಕೊಡುತ್ತದೆ ಅಂತ ನಾನು ಹೇಳುವುದಿಲ್ಲ. ಉಳಿಯ ಬೆನ್ನನ್ನು ಸಮತಟ್ಟು ಮಾಡುವ ಕೆಲಸ ಈಗಲೂ ಕೈಯದೇ. ದಪ್ಪ ಗಾಜಿನ ಮೇಲೆ ಎಮರಿ ಪೇಪರ್ ಅಂಟಿಸಿ 400, 1000, 2000 ನಂಬರು ಅಂತ ಒರಟಿನಿಂದ ನುಣುಪಿಗೆ ಉಜ್ಜಿದರೆ ಸಾಕು. ಬಾಯಿಯ ಹತ್ತಿರದ ಒಂದಿಂಚು ಸರಿಯಾದರೆ ಉಳಿದದ್ದು ಹೇಗಿದ್ದರೂ ನಡೆಯುತ್ತದೆ. ಕೆಲಸ ಮುಗಿದ ಮೇಲೆ ತೊಟ್ಟಿ ಇಳಿಸಲೇಬೇಕು. ಕಲ್ಲು ನೀರಲ್ಲೇ ನಿಂತರೆ ಒಂದೇ ಕಡೆ ನೀರು ಕುಡಿದು ಭಾರವಾಗಿ ತೂಗಾಡುತ್ತದೆ. ಉಳಿಯನ್ನು ಒರೆಸಿ ಎಣ್ಣೆ ಸವರದೆ ಇಟ್ಟರೆ ನಮ್ಮ ಮಳೆಗಾಲದಲ್ಲಿ ಬೆಳಗಾಗುವುದರೊಳಗೆ ತುಕ್ಕು.

ಇನ್ನು ಸಂಪ್ರದಾಯದ ಮಾತು. ಸೈಕಲ್ ಸ್ಟ್ಯಾಂಡ್ ಹಾಕಿ, ಪೆಡಲ್ ತುಳಿದು ಚಕ್ರ ತಿರುಗಿಸಿ, "ಕತ್ತರಿ ಸಾಣೇ..." ಅಂತ ಬೀದಿ ಬೀದಿ ಕೂಗುತ್ತಾ ಬರುವವರನ್ನು ನಾವೆಲ್ಲ ಕಂಡವರೇ. ತಿರುಗುವ ಕಲ್ಲು ನಮಗೆ ಹೊಸದಲ್ಲ. ಕಾಲು ತುಳಿದರೆ ಸಂಪ್ರದಾಯ, ಮೋಟಾರು ತಿರುಗಿಸಿದರೆ ಅಪಚಾರ ಅನ್ನುವ ವಾದ ನನ್ನ ತಲೆಗೆ ಹತ್ತುವುದಿಲ್ಲ. ಸಾಗರ, ಸೊರಬದ ಗುಡಿಗಾರರ ಕೆತ್ತನೆ ಕೆಲಸ ನೋಡಿ: ಚೂಪಿನದು, ಬಳಸಿನದು, ಅರೆಚಂದ್ರದ್ದು ಅಂತ ಒಬ್ಬೊಬ್ಬರ ಹತ್ತಿರ ಉಳಿಗಳ ರಾಶಿಯೇ ಇರುತ್ತದೆ. ಒಳಬಾಗಿನ ಉಳಿಯ ಹೊರಮೈಯನ್ನು ಚಪ್ಪಟೆ ಕಲ್ಲಿನ ಮೇಲೆ ಹೊರಳಿಸಿ ಹೊರಳಿಸಿ ಮಸೆಯುವುದು ಎಷ್ಟು ತಾಳ್ಮೆಯ ಕೆಲಸ ಅಂತ ಮಾಡಿದವರಿಗೇ ಗೊತ್ತು. ಅವರ ಆ ಹೊತ್ತು ಕೆತ್ತನೆಗೆ ಸಿಗಲಿ ಅನ್ನುವುದು ನನ್ನ ಆಸೆ.

ಬೆಲೆ ಜಾಸ್ತಿ, ನಿಜ. ದಿನಗೂಲಿ ಆಚಾರ್ರಿಗೆ ಒಬ್ಬರೇ ಕೊಳ್ಳಿ ಅಂತ ಹೇಳುವ ಮುಖ ನನಗಿಲ್ಲ. ಆದರೆ ನಾಲ್ಕೈದು ಮಂದಿ ಸೇರಿ ಒಂದನ್ನು ಇಟ್ಟುಕೊಳ್ಳಬಹುದಲ್ಲ? ಮರಗೆಲಸ ಕಲಿಸುವ ತರಬೇತಿ ಕೇಂದ್ರಗಳಲ್ಲಿ ಒಂದೊಂದು ಇರಲೇಬೇಕು ಅಂತ ನಾನು ಹಟ ಹಿಡಿದು ಹೇಳುತ್ತೇನೆ. ಹುಡುಗರಿಗೆ ಮೊದಲ ದಿನವೇ ನಿಜವಾದ ಹರಿತದ ಉಳಿ ಕೈಗೆ ಸಿಗಬೇಕು. ಕಲ್ಲಿನ ಮೇಲೆ ಮಸೆಯುವುದನ್ನು ಆಮೇಲೆ ಕಲಿಯಲಿ. ಆಗ ಅವರಿಗೆ ಎಲ್ಲಿಗೆ ಮುಟ್ಟಬೇಕು ಅಂತ ಗೊತ್ತಿರುತ್ತದೆ.

ಹತ್ತಿರದಲ್ಲಿರುವ ಗೆಳೆಯರು ಯಾವುದಾದರೂ ಭಾನುವಾರ ಒಂದು ಮೊಂಡು ಉಳಿ, ಒಂದು ತುಂಡು ಪೈನ್ ತಗೊಂಡು ಬನ್ನಿ. ಸಾಣೆಗೆ ಮುಂಚೆ ಒಂದು ಸಲ, ಆದಮೇಲೆ ಒಂದು ಸಲ ಅಡ್ಡತುದಿ ಕೊಯ್ದು ನೀವೇ ನೋಡಿ. ಜಗಳ ಆಮೇಲೆ ಆಡೋಣ.